ರೂಟಪ್ಪನವರ ಕೊನೆಯ ರಿಪೇರಿ

ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು ರೂಟಪ್ಪ. ತಂದೆ ತಾಯಿ ಇಟ್ಟ ಹೆಸರು ಬೇರೆ. ಲಿನಕ್ಸಿನಲ್ಲಿ ಎಲ್ಲಕ್ಕೂ ಯಜಮಾನನಾದ ಖಾತೆಗೆ ರೂಟ್ ಎನ್ನುತ್ತಾರೆ, ಅದರ ಕೀಲಿ ಇವರ ಕೈಲಿತ್ತು, ಹಾಗಾಗಿ ರೂಟಪ್ಪ ಎನ್ನುವುದೇ ನಿಂತುಬಿಟ್ಟಿತು. ಪಾಸ್‌ವರ್ಡ್ ಮರೆತ ದೊಡ್ಡ ದೊಡ್ಡ ಡಾಕ್ಟರುಗಳೂ ಇವರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು.

ನಿವೃತ್ತಿಯಾದ ಮೇಲೆ ಮರೆವು ಹಿಡಿಯಿತು. ಒಂದು ಮಧ್ಯಾಹ್ನ ಮನೆಯ ಕಂಪ್ಯೂಟರನ್ನು ಆಸ್ಪತ್ರೆಯದೆಂದು ತಿಳಿದು ಒಂದು ಡಿಸ್ಕನ್ನೇ ಅಳಿಸಿಹಾಕಿದರು. ಅದರ ಜೊತೆ ತೀರಿಕೊಂಡ ಹೆಂಡತಿಯ ಫೋಟೋಗಳಲ್ಲಿ ಅರ್ಧಕ್ಕರ್ಧ ಹೋದವು. ತಿಳಿದಾಗ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು. ಇನ್ನೊಮ್ಮೆ ಅದನ್ನು ನೋಡುವ ಶಕ್ತಿ ಮಗಳಿಗಿರಲಿಲ್ಲ. ಅವರು ಸ್ನಾನಕ್ಕೆ ಹೋದಾಗ ಅಡ್ಮಿನ್ ಅಧಿಕಾರವನ್ನು ತನ್ನ ಖಾತೆಗೆ ಮಾಡಿಕೊಂಡು, ಅಪ್ಪನ ಹೆಸರನ್ನು ಅಡ್ಮಿನ್ ಗುಂಪಿನಿಂದ, ಅಂದರೆ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬದಲಿಸಬಲ್ಲವರ ಪಟ್ಟಿಯಿಂದ, ತೆಗೆದಳು. ಕಳ್ಳತನವೇ ಸರಿ, ಅದಕ್ಕೆ ಬೇರೆ ಹೆಸರಿಲ್ಲ.

ಮರುದಿನ ಕಂಪ್ಯೂಟರು ರೂಟಪ್ಪನವರಿಗೇ ಅನುಮತಿ ಇಲ್ಲ ಎಂದಿತು. ಮುಖ ಬಾಡಿಹೋಯಿತು.

"ನಾನೇ ಏನೋ ಎಡವಟ್ಟು ಮಾಡ್ಕೊಂಡಿದ್ದೀನಿ ಕಣಮ್ಮ. ಹೆಸರನ್ನ ಹೊಸ ಗುಂಪಿಗೆ ಸೇರಿಸೋ ಕಮಾಂಡಲ್ಲಿ 'ಎ' ಅನ್ನೋ ಅಕ್ಷರ ಹಾಕ್ಬೇಕು. ಬಿಟ್ರೆ ಹಳೇ ಗುಂಪುಗಳಿಂದೆಲ್ಲ ಹೆಸರು ಹಾರಿಹೋಗುತ್ತೆ. ಅದನ್ನೇ ಬಿಟ್ಟಿರ್ಬೇಕು. ಕೂತ್ಕೋ, ಸರಿಮಾಡೋಣ."

ತನ್ನ ಖಾತೆಯಿಂದ ಮಗಳು ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಮಾಡಬಹುದಿತ್ತು. ಮಾಡಿದರೆ ಗುಟ್ಟು ರಟ್ಟು. ಏನೂ ಅರಿಯದವಳ ಹಾಗೆ ಕೂತಳು.

ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿರದ ಮನುಷ್ಯ ಇಲ್ಲಿ ಒಂದಿಷ್ಟೂ ತಡವರಿಸಲಿಲ್ಲ. "ರೀಸ್ಟಾರ್ಟ್ ಮಾಡು. ರಿಪೇರಿಗೇ ಅಂತ ಇರೋ ರಿಕವರಿ ಮೋಡ್‌ಗೆ ಹೋಗು. ಈಗ ಅಲ್ಲಿ ರೂಟ್ ಅಂತ ಆರಿಸ್ಕೋ. ತಡಿ ತಡಿ, ಡಿಸ್ಕ್ ಈಗ ಬರೀ ಓದೋಕೆ ಮಾತ್ರ, ಮೊದಲು ಬರೆಯೋಕೆ ಆಗೋ ಹಾಗೆ ಮಾಡ್ಕೋ. ಹ್ಞಾಂ, ಈಗ ನನ್ನ ಹೆಸರು ಸೇರಿಸು. 'ಎ' ಮರೀಬೇಡ."

ಮಗಳು ಅಪ್ಪ ಹೇಳಿದಂತೆ ಮಾಡಿದಳು. ಕಂಪ್ಯೂಟರು ಮತ್ತೆ ಶುರುವಾದಾಗ ಅಡ್ಮಿನ್ ಗುಂಪಿನಲ್ಲಿ ಅಪ್ಪನ ಹೆಸರಿತ್ತು.

ರೂಟಪ್ಪ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಬಂತಲ್ಲ, ಸಾಕು. ಈಗ ಮತ್ತೆ ತೆಗೆದುಬಿಡು."

"ಯಾಕಪ್ಪಾ?"

"ಕೆಲಸ ಮರ್ತಿದ್ದೀನಾ ಅಂತ ನೋಡ್ಬೇಕಿತ್ತು. ಇನ್ನೂ ಮರ್ತಿಲ್ಲ." ಅವಳ ತಲೆ ಸವರಿದರು. "ಆ 'ಎ' ನಾನು ಜನ್ಮದಲ್ಲಿ ಬಿಟ್ಟವನಲ್ಲ ಕಣೇ. ಅನುಮತಿ ಇಲ್ಲ ಅಂದಾಗ್ಲೇ ನಿನ್ನ ಕೆಲಸ ಅಂತ ಗೊತ್ತಾಯ್ತು. ಒಳ್ಳೇದೇ ಮಾಡ್ದೆ. ನಾಳೆ ನಾನು ಕೇಳಿದ್ರೂ ಕೊಡ್ಬೇಡ."

ಅಳು ಬಂದು ಮಗಳಿಗೆ ಅಕ್ಷರಗಳೇ ಕಾಣಲಿಲ್ಲ. ತೆಗೆಯುವ ಕಮಾಂಡನ್ನೂ ರೂಟಪ್ಪನವರೇ ಪಕ್ಕದಲ್ಲಿ ನಿಂತು ಒಂದೊಂದಕ್ಷರವಾಗಿ ಹೇಳಿಕೊಟ್ಟರು.