ಸಮಡೋಳಿಯ ಜೌಗಿನಲ್ಲಿ ಶೈಲಾ ನಕ್ಕ ಸಂಜೆ

ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಯಾಕೆಂದು ನನಗೆ ತಿಳಿಯಲಿಲ್ಲ. ಮದುವೆಯಾದಾಗಿನಿಂದ ಅವಳ ನಗುವಿನ ಕಾರಣ ನನಗೆ ತಿಳಿಯದೆ ಹೋದದ್ದು ಅದೇ ಮೊದಲು.

ಶೈಲಾ ಬ್ಯಾಂಕಿನವಳು, ನಾನು ದರ್ಜಿ. ಅವಳ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿ, ಧಾರವಾಡದ ಎರಡು ಶಾಖೆಗಳು ಒಂದಾದವು. ಹೆಚ್ಚಾದವರನ್ನು ದೂರ ಹಾಕಿದರು. ಅವಳಿಗೆ ಸಾಂಗ್ಲಿ ಬಂತು. ಅಂಗಡಿಗೆ ಕೀಲಿ ಹಾಕಿ ನಾನೂ ಬಂದೆ. ಪಕ್ಕದ ಮಿರಜದಲ್ಲಿ ಬಾಡಿಗೆ ಮನೆ ಹಿಡಿದು, ಪಡಸಾಲೆಯಲ್ಲೇ ಹೊಲಿಗೆ ಯಂತ್ರ ಇಟ್ಟೆ.

ಧಾರವಾಡದಲ್ಲಿ ಅಳತೆ ಹಿಡಿಯುವಷ್ಟರಲ್ಲಿ ಗಿರಾಕಿಯ ಮನೆ ಸುದ್ದಿಯೆಲ್ಲ ನನ್ನ ಕಿವಿಗೆ ಬಿದ್ದಿರುತ್ತಿತ್ತು. ಇಲ್ಲಿ ‘ಸೈಲ’ ಎಂದರೆ ಸಡಿಲ ಎಂದು ಕಲಿಯುವಷ್ಟರಲ್ಲಿ ಎರಡು ಜಂಪರು ಕೆಟ್ಟವು. ಇಲ್ಲಿಯ ಭಡಂಗವೂ ಚುರುಮುರಿಯೇ, ಆದರೆ ನಮ್ಮ ಗಿರ್ಮಿಟ್ಟಿನ ಹುಳಿಯಿಲ್ಲ, ಬರೀ ಒಣಖಾರ. ಶೈಲಾಗೆ ಅದೂ ಹಿಡಿಸಿತು. ಮರಾಠಿ ಬೇಗ ಬಂತು. ಬ್ಯಾಂಕಿನ ಸುನಂದಾ ಗೆಳತಿಯಾದಳು. ರಜೆಯ ದಿನ ಸಂಜೆ ಇಬ್ಬರೂ ಸ್ಕೂಟರಿನಲ್ಲಿ ಸಮಡೋಳಿ ಕಡೆಯ ‘ಪಾಣಥಳ’ಕ್ಕೆ, ಅಂದರೆ ನೀರು ನಿಂತ ಜೌಗು ನೆಲಕ್ಕೆ, ಹಕ್ಕಿ ನೋಡಲು ಹೋಗುವರು. ನಾನು ಗುಂಡಿ ಹಚ್ಚುತ್ತ ಕುದಿಯುವೆ.

ಚೈತ್ರದ ಒಂದು ಸಂಜೆ ತಡೆಯಲಾರದೆ ನಾನೂ ಹೋದೆ. ದುರ್ಬೀನು ಹಿಡಿದ ಸುನಂದಾ ಏನೋ ಅಂದಳು. “ಚಮಚ್ಯಾ” ಎಂಬುದಷ್ಟೇ ತಿಳಿಯಿತು. ಶೈಲಾ ನಕ್ಕದ್ದು ಆಗಲೇ. ಹೆಂಡತಿಯ ಹಿಂದೆ ಊರು ಬಿಟ್ಟ ಬಾಲಬಡುಕ ನಾನೇ ಅಲ್ಲವೆ? ಮೈ ಉರಿಯಿತು.

“ಯಾರಿಗೆ ಚಮಚಾ ಅಂದ್ಲು ಆಕಿ?”

“ಅಯ್ಯ, ಹಕ್ಕಿಗೆ ರೀ! ಅದರ ಕೊಕ್ಕ ನೋಡ್ರಿ, ಚಮಚ ಇದ್ದಂಗ ಐತಿ. ನಮ್ಮ ಹೊಸಾ ಸಾಹೇಬರ ಹಿಂದ ಓಡ್ಯಾಡವ್ರು ನೆನಪಾದ್ರಂತ.”

ಬಿಳಿ ಹಕ್ಕಿಗಳು ಕೊಕ್ಕನ್ನು ಅತ್ತಿತ್ತ ಆಡಿಸುತ್ತ ಕೆಸರುನೀರು ಸೋಸುತ್ತಿದ್ದವು. ನನ್ನ ಸಿಟ್ಟು ಇಳಿಯಲಿಲ್ಲ. ಹಿಂದಿರುಗಬೇಕೆನ್ನುವವರು ಅರ್ಜಿ ಹಾಕಬಹುದೆಂದು ಬ್ಯಾಂಕು ಹೇಳಿತ್ತು.

“ಧಾರವಾಡಕ್ಕ ಅರ್ಜಿ ಹಾಕಿದಿ?”

“ಇಲ್ಲರಿ. ಹಾಕೂ ಮನಸ್ಸಿಲ್ಲ.”

“ಈಕಿ ಸಲುವಾಗಿ ಏನು?”

“ನನ್ನ ಸಲುವಾಗಿ. ಅಲ್ಲೆ ಬ್ಯಾಂಕ್ ಆತು, ಮನಿ ಆತು. ನಂದು ಅಂತ ಒಂದು ಸಂಜಿ ಇತ್ತೇನ್ರಿ?”

ನಾನು ಬಾಯಿ ತೆರೆಯುವ ಮೊದಲು ಸುನಂದಾ ತಡವರಿಸುತ್ತ ಅಂದಳು: “ಭಾವೂಜಿ, ನಂಗ ಕನ್ನಡ ತಿಳೀತೈತಿ. ನಮ್ಮ ಆಜೀ ಮಾತಾಡ್ತಿದ್ಲು. ನಂಗ ಸರಿ ಮಾತಾಡಾಕ ಬರಾಂಗಿಲ್ಲ, ಅಷ್ಟ.” ದುರ್ಬೀನನ್ನು ನನ್ನ ಕೈಗಿತ್ತು ದೂರ ಹೋಗಿ ನಿಂತಳು. ನಾಚಿಕೆಯಾಯಿತು. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ.

ಮುಂದಿನ ತಿಂಗಳು ಅಂಗಡಿ ಖಾಲಿ ಮಾಡಲು ಧಾರವಾಡಕ್ಕೆ ಹೋದೆ. ಹಳೆಯ ಗಿರಾಕಿಗಳು ಸುತ್ತುವರಿದರು; ಹೊಟ್ಟೆ ತುಂಬ ಕನ್ನಡ ಮಾತಾಡಿದೆ. ತಮ್ಮನ ಮನೆಯಲ್ಲಿ ನಾಲ್ಕು ದಿನ ಇರುವ ವಿಚಾರವಿತ್ತು. ಅಂದು ಬ್ಯಾಂಕಿಗೆ ರಜೆ; ಬಿಸಿಲು ಇಳಿಯುತ್ತಿದ್ದಂತೆ, ಈಗ ಶೈಲಾ ನೀರಿನಂಚಿನಲ್ಲಿ ನಿಂತು, ನಾನಿಲ್ಲದೆ, ಯಾವ ಹಕ್ಕಿಗೆ ಬೆರಗಾಗಿದ್ದಾಳೋ ಎನ್ನಿಸಿತು. ತಮ್ಮ ಎಷ್ಟು ಹೇಳಿದರೂ ನಿಲ್ಲಲಿಲ್ಲ. ಅಂದೇ ಮಿರಜದ ಗಾಡಿ ಹತ್ತಿದೆ.