ಊಟ ಮಾಡದೆ ಬರಬೇಕಿದ್ದ ಲಿಯೋನ್

ಫ್ರಾನ್ಸಿನ ಲಿಯೋನ್ ನಗರದಲ್ಲಿ ಆ ಭಾನುವಾರ ಮಧ್ಯಾಹ್ನ ನಿಜವಾಗಿ ಏನು ನಡೆಯಿತೆಂದು ನನಗೆ ಈಗಲೂ ಖಚಿತವಿಲ್ಲ. ಗೊತ್ತಿಲ್ಲದೆ ತಿಂದೆ ಎಂದು ನಾನು ಹೇಳುತ್ತೇನೆ. ಕೇಳಿ, ತಿಳಿದುಕೊಂಡು, ಆಮೇಲೆ ತಿಂದಿರಿ ಎಂದು ಅಕ್ಕನ ಮಗಳು ವಿನುತಾ ಹೇಳುತ್ತಾಳೆ. ಮೇಜಿನಲ್ಲಿದ್ದ ಇನ್ನಿಬ್ಬರಿಗೆ ನಮ್ಮ ಭಾಷೆ ಬಾರದು, ಹಾಗಾಗಿ ಅವರ ಸಾಕ್ಷ್ಯ ಅಷ್ಟಕ್ಕಷ್ಟೆ. ನಾನು ಚರಿತ್ರೆಯಲ್ಲಿ ಎಂ.ಎ. ಮಾಡಿದವ. ಕೆಲವು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ, ಒಂದೇ ಪಾಠವನ್ನು ವರ್ಷವರ್ಷವೂ ಹೇಳಲು ಬೇಸರವಾಗಿ ಬಿಟ್ಟು, ಈಗ ಪಾಣೆಮಂಗಳೂರಿನಲ್ಲಿ ಪಂಪುಸೆಟ್ಟಿನ ಅಂಗಡಿ ನಡೆಸುತ್ತಿದ್ದೇನೆ. ಬೇರೆಯವರ ನೆನಪನ್ನು ಸುಲಭಕ್ಕೆ ನಂಬಬಾರದೆಂದು ಮಕ್ಕಳಿಗೆ ಕಲಿಸಿದ್ದೆ. ನನ್ನದನ್ನೂ ನಂಬಬಾರದೆಂದು ಲಿಯೋನಿಗೆ ಹೋಗಿ ಬಂದ ಮೇಲೆ ಅರ್ಥವಾಯಿತು.

ಹೊರಟದ್ದು ಜುಲೈಯಲ್ಲಿ, ಸುರಿಯುವ ಮಳೆಯಲ್ಲಿ. ವಿನುತಾ ಅಲ್ಲಿ ಒಂದು ಔಷಧ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. “ಮಾವ, ಒಮ್ಮೆ ಬನ್ನಿ, ಬೇಸಿಗೆ ರಜೆ ಉಂಟು, ಊರು ತೋರಿಸ್ತೇನೆ” ಎಂದು ಎರಡು ವರ್ಷದಿಂದ ಕರೆಯುತ್ತಿದ್ದಳು. ಈ ಸಲದ ಕರೆಗೆ ಬೇರೆ ಕಾರಣವಿತ್ತು. ಬೆನ್ವಾ ಎಂಬ ಹುಡುಗನನ್ನು ಅವಳು ಮೆಚ್ಚಿದ್ದಳು. ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿರುವ ನನ್ನ ಅಕ್ಕನ ಮನಸ್ಸಿನಲ್ಲಿದ್ದದ್ದು ಬೆಳ್ತಂಗಡಿ ಕಡೆಯ ಒಬ್ಬ ಹಲ್ಲಿನ ಡಾಕ್ಟರು. ನಮ್ಮ ಮನೆಗಳಲ್ಲಿ ಹೆಣ್ಣುಮಗಳ ಮದುವೆಯ ಮಾತು ಸೋದರಮಾವನ ಬಾಯಿಂದ ಬರಬೇಕು. ಭಾವನೂ “ಅದು ನೀವು ಅಕ್ಕ ತಮ್ಮ ಮಾತಾಡಿಕೊಳ್ಳಿ” ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ವಿನುತಾ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: “ಅಮ್ಮ ಬೇಡ ಅಂದ್ರೆ ನಾನು ಹಟ ಮಾಡುವುದಿಲ್ಲ ಮಾವ. ಆದ್ರೆ ಬೇರೆ ಯಾರನ್ನೂ ಆಗುವುದಿಲ್ಲ.”

ವಿಮಾನ ಹತ್ತುವ ಹಿಂದಿನ ದಿನ ಪುತ್ತಿಗೆಗೆ ಹೋದೆ. ಅಕ್ಕ ಹಲಸಿನ ಹಪ್ಪಳದ ಕಟ್ಟನ್ನು ಚೀಲಕ್ಕೆ ತುರುಕುತ್ತಾ ನನಗೆ ಪಾಠ ಹೇಳಿದಳು.

“ನೀನು ನೋಡಿ ಬಾ. ಮಾತಾಡು. ನೀರು ಬೆಲ್ಲ ಕೊಟ್ರೆ ತಗೋ. ಚಾ ಕುಡಿ, ತಿಂಡಿ ತಿನ್ನು. ಆ ಮನೆಯಲ್ಲಿ ಅನ್ನ ಮಾತ್ರ ಮುಟ್ಬೇಡ.”

ಸಂಬಂಧ ನೋಡಲು ಹೋದ ಮನೆಯಲ್ಲಿ ಮಾತು ಮುಗಿಯುವ ಮೊದಲು ಅನ್ನ ಉಂಡರೆ ಒಪ್ಪಿದ ಹಾಗೆ. ನಮ್ಮ ಕುಟುಂಬದಲ್ಲಿ ಇದನ್ನು ಪಾಲಿಸಿಕೊಂಡು ಬಂದಿದ್ದಾರೆ. ಬೇರೆಯವರಲ್ಲಿ ಉಂಟೋ ಇಲ್ಲವೋ ನಾನು ವಿಚಾರಿಸಿಲ್ಲ.

“ಅಕ್ಕ, ಅದು ಫ್ರಾನ್ಸ್. ಅಲ್ಲಿ ಅನ್ನ ಬಡಿಸುವವರು ಯಾರು?”

“ಹಾಗಾದ್ರೆ ನಿಂಗೆ ಎಂತ ಕಷ್ಟ? ಬೇಕಾದಷ್ಟು ತಿಂದು ಬಾ ಮಾರಾಯ.”

ಮಂಗಳೂರಿನಿಂದ ಮುಂಬೈ, ಮುಂಬೈಯಿಂದ ಪ್ಯಾರಿಸ್. ಪ್ಯಾರಿಸಿನ ವಿಮಾನ ನಿಲ್ದಾಣದ ಅಡಿಯಲ್ಲೇ ರೈಲು ನಿಲ್ದಾಣ. ಅಲ್ಲಿಂದ ಲಿಯೋನಿಗೆ ವೇಗದ ರೈಲಿನಲ್ಲಿ ಎರಡು ತಾಸು. ನಮ್ಮಲ್ಲಿ ಅಷ್ಟು ಹೊತ್ತು ಕೂತರೆ ಶಿರಾಡಿ ಘಾಟಿಯೂ ದಾಟುವುದಿಲ್ಲ. ಕಿಟಕಿಯ ಹೊರಗೆ ಕೊಯ್ಲಾದ ಗೋಧಿ ಗದ್ದೆ, ಬಿಳಿ ದನ, ಎಲ್ಲಿ ನೋಡಿದರೂ ಒಬ್ಬ ಮನುಷ್ಯ ಇಲ್ಲ. ಗದ್ದೆಯ ಕೆಲಸ ಯಾರು ಮಾಡುತ್ತಾರೆಂದು ಯೋಚಿಸುತ್ತಿರುವಾಗಲೇ ಲಿಯೋನ್ ಬಂತು.

ನಿಲ್ದಾಣದಲ್ಲಿ ವಿನುತಾಳ ಹಿಂದೆ ಒಬ್ಬ ಎತ್ತರದ ಹುಡುಗ ನಿಂತಿದ್ದ, ಬೆನ್ವಾ. ಕೈಕುಲುಕಿ ನನ್ನ ಪೆಟ್ಟಿಗೆ ಎತ್ತಿಕೊಂಡ. ಮತ್ತೆ ಮಾತಿಲ್ಲ. ಶಾಲೆಯಲ್ಲಿ ಭೂಗೋಳ ಕಲಿಸುತ್ತಾನಂತೆ. ಮಕ್ಕಳ ಮುಂದೆ ಇವನು ಬಾಯಿ ಹೇಗೆ ತೆರೆಯುತ್ತಾನೆ ಎಂಬುದು ನನ್ನ ಮೊದಲ ಸಂಶಯ.

ವಿನುತಾಳ ಮನೆ ಕ್ರುವಾ ರೂಸ್ ಎಂಬ ಗುಡ್ಡದ ಮೇಲೆ. ಹಿಂದೆ ರೇಷ್ಮೆ ನೇಯುವವರ ಕೇರಿ ಅದು. ಮಗ್ಗ ಹಿಡಿಸಬೇಕೆಂದು ಮಾಳಿಗೆಯನ್ನು ಎಷ್ಟೋ ಎತ್ತರಕ್ಕೆ ಕಟ್ಟಿದ್ದಾರೆ, ಕಿಟಕಿಗಳೂ ಹಾಗೆಯೇ. ಲಿಫ್ಟ್ ಮಾತ್ರ ಇಲ್ಲ. ಸೆಕೆ ನಮ್ಮ ಏಪ್ರಿಲಿನಷ್ಟೇ, ಆದರೆ ಬೆವರು ಬರುವುದಿಲ್ಲ. ಫ್ಯಾನೂ ಇಲ್ಲ. ಕತ್ತಲಾಗುವಾಗ ಒಂಬತ್ತೂವರೆ ದಾಟುತ್ತದೆ. ಹೊರಗೆ ಬಿಸಿಲಿದ್ದರೆ ನನಗೆ ರಾತ್ರಿಯ ಊಟಕ್ಕೆ ಮನಸ್ಸು ಬಾರದು. ಮೊದಲ ಎರಡು ದಿನ ಸಂಜೆಯ ಚಾ ಕಾಯುತ್ತಾ ಕೂತು, ಹಾಗೆಯೇ ನಿದ್ದೆ ಹೋದೆ.

ಮೂರನೆಯ ದಿನದಿಂದ ತಿನ್ನುವುದು ಶುರುವಾಯಿತು. ಬೆಳಿಗ್ಗೆ ಗುಡ್ಡದ ಮೇಲಿನ ದೊಡ್ಡ ರಸ್ತೆಯ ಬದಿಯಲ್ಲಿ ಸಂತೆ. ಚೀಸಿನವಳು ಒಂದು ಸಣ್ಣ ಚೀಸನ್ನು ಕೈಗೆ ಕೊಡುವ ಮೊದಲು ವಿನುತಾಳಲ್ಲಿ ಕೇಳಿದಳು, ತಿನ್ನುವುದು ಇಂದೋ ನಾಳೆಯೋ ಎಂದು. ಇಂದಿಗೆ ಬೇರೆ, ನಾಳೆಗೆ ಬೇರೆ. ಪಾಣೆಮಂಗಳೂರಿನಲ್ಲಿ ಬಾಳೆಹಣ್ಣು ಕೊಡುವವನು ಕೇಳುವುದೂ ಇದನ್ನೇ. ಇಂದಿನದನ್ನು ತಂದು ಕತ್ತರಿಸಿದರೆ ಹರಿದು ತಟ್ಟೆಗೆ ಬಂತು. ವಾಸನೆಗೆ ಮುಖ ತಿರುಗಿಸಿದೆ, ರುಚಿಗೆ ಮತ್ತೆ ಕೈ ಹಾಕಿದೆ.

ಅಲ್ಲಿನ ಸಣ್ಣ ಹೋಟೆಲುಗಳಲ್ಲಿ ಕೆಂಪು ಚೌಕುಳಿ ಬಟ್ಟೆ ಹಾಸಿದ ಮೇಜುಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಪಕ್ಕದವರ ಮೊಣಕೈ ನಮ್ಮ ತಟ್ಟೆಯಲ್ಲಿ. ಕೆನೆಲ್ ಎಂಬುದೊಂದು ತಿಂದೆ. ಹೊಳೆ ಮೀನನ್ನು ಅರೆದು ಹಿಟ್ಟು ಬೆಣ್ಣೆ ಕಲಸಿ ಮಾಡಿದ ಉದ್ದದ ಉಂಡೆ, ಸಿಗಡಿ ಬಣ್ಣದ ಗಸಿಯಲ್ಲಿ ಉಬ್ಬಿ ಕೂತಿತ್ತು. ಅಕ್ಕಿ ಉಂಡೆಯನ್ನು ಮಸಾಲೆಯಲ್ಲಿ ಅದ್ದಿದ ನಮ್ಮ ಪುಂಡಿ ಗಸಿಯನ್ನು ಯಾರೋ ದೂರದಿಂದ ನೋಡಿ ಹೋಗಿ ಮಾಡಿದ ಹಾಗೆ. ಇನ್ನೊಂದು ದಿನ ‘ನೇಕಾರನ ಮಿದುಳು’ ಎಂಬ ಹೆಸರಿನದು ತರಿಸಿದೆ. ಮಿದುಳಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಕೂತರೆ, ಬಂದದ್ದು ಬೆಳ್ಳುಳ್ಳಿ ಸೊಪ್ಪು ಕೊಚ್ಚಿ ಹಾಕಿದ ಗಟ್ಟಿ ಮೊಸರು. ಹಂದಿಯ ಕರುಳಿನ ಸಾಸೇಜನ್ನು ಮಾತ್ರ ಮುಗಿಸಲಾಗಲಿಲ್ಲ. ಬೆನ್ವಾ ನನ್ನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಅದನ್ನು ತಿಂದ. ಮಡಿಯಿಲ್ಲದ ಹುಡುಗ ಎಂದುಕೊಂಡೆ. ಅದು ಗುಣವೋ ದೋಷವೋ ತೀರ್ಮಾನಿಸಲಿಲ್ಲ.

ಒಂದು ಎಚ್ಚರಿಕೆ: ಹೋಟೆಲುಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಲೆ ಆರಿಸುತ್ತಾರೆ. ಮೂರಕ್ಕೆ ಹಸಿದುಕೊಂಡು ಒಬ್ಬನೇ ಇಳಿದವನಿಗೆ ಸಿಕ್ಕಿದ್ದು ಗುಲಾಬಿ ಬಣ್ಣದ ಸಕ್ಕರೆ ಬಾದಾಮಿಯ ಒಂದು ತುಂಡು ಸಿಹಿ ರೊಟ್ಟಿ. ಬಾದಾಮಿ ಮೇಲೆ ಸಕ್ಕರೆ ಹಿಡಿದ ರೀತಿ ನಮ್ಮ ಜಾತ್ರೆಯ ಮಿಠಾಯಿಯದ್ದೇ.

ಇಷ್ಟರಲ್ಲಿ ಅಕ್ಕನ ಫೋನು ದಿನಾ ಬರುತ್ತಿತ್ತು. “ಹುಡುಗ ಹೇಗೆ?” ಎಂದು ಕೇಳುವಳು. “ಮಾತಾಡುವುದಿಲ್ಲ ಅಕ್ಕ.” “ಮಾತಾಡದವರು ಒಳಗೆ ಎಂತ ಇಟ್ಟುಕೊಂಡಿರ್ತಾರೆ ಗೊತ್ತಾಗುವುದಿಲ್ಲ.” “ಹಲ್ಲಿನ ಡಾಕ್ಟರು ಮಾತಾಡ್ತಾನಾ?” “ಅವನ ಎದುರು ಕೂತವರಿಗೆ ಬಾಯಿ ಮುಚ್ಚಲಿಕ್ಕೆ ಆಗುವುದಿಲ್ಲ, ಅವನೇ ಮಾತಾಡ್ಬೇಕಲ್ಲ!” ತಾನೇ ಹೇಳಿ ತಾನೇ ನಕ್ಕಳು. ನಕ್ಕದ್ದರಿಂದ ಮನಸ್ಸು ಬದಲಾಗಿದೆ ಎಂದು ತಿಳಿಯುವ ಹಾಗಿರಲಿಲ್ಲ.

ಶನಿವಾರ ಬೆನ್ವಾ ನನ್ನನ್ನು ಟ್ರಾಮಿನಲ್ಲಿ ಊರಿನ ತೆಂಕು ತುದಿಗೆ ಕರೆದುಕೊಂಡು ಹೋದ. ಟಿಕೆಟು ಎರಡು ಯೂರೋ ಚಿಲ್ಲರೆ. ಅಲ್ಲಿ ರೋನ್ ಮತ್ತು ಸೋನ್ ಎಂಬ ಎರಡು ನದಿಗಳ ಸಂಗಮ. ರೋನ್ ನೀಲಿಯಾಗಿ ಓಡಿಬರುತ್ತದೆ, ಸೋನ್ ಹಸಿರಾಗಿ ನಿಧಾನಕ್ಕೆ. ಕೂಡಿದ ಮೇಲೂ ಸ್ವಲ್ಪ ದೂರ ಬಣ್ಣ ಬೇರೆ ಬೇರೆಯೇ. ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕುಮಾರಧಾರೆ ಸೇರುವುದನ್ನು ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವನು ತುಂಬ ಹೊತ್ತು ಯೋಚಿಸಿ ಕೇಳಿದ: “ಬೇಸಿಗೆಯಲ್ಲಿ ಯಾವುದರಲ್ಲಿ ನೀರು ಹೆಚ್ಚು?” ನಾನು ಆ ನೀರಿನ ಬದಿಯಲ್ಲೇ ಹುಟ್ಟಿ ಬೆಳೆದವ. ಆದರೆ ಅದನ್ನು ಲೆಕ್ಕ ಹಾಕಿ ನೋಡಿರಲಿಲ್ಲ. ಒಳ್ಳೆಯ ಪ್ರಶ್ನೆ ಎಂದೆ. ಅವನು ಮೊದಲ ಸಲ ನಕ್ಕ. ಅಥವಾ ಅವನು ಅದಕ್ಕೂ ಮೊದಲು ನಕ್ಕಿರಬಹುದು, ನಾನು ಗಮನಿಸಿರಲಿಕ್ಕಿಲ್ಲ.

ಮಾರನೆಯ ದಿನ ಭಾನುವಾರ ಅವನ ತಾಯಿ ಮದಾಮ್ ಇವೆತ್ ಅವರ ಮನೆಯಲ್ಲಿ ಮಧ್ಯಾಹ್ನದ ಊಟ. ಗಂಡ ತೀರಿಹೋಗಿ ಕೆಲವು ವರ್ಷವಾಗಿದೆ. ಸೋನ್ ದಂಡೆಯಲ್ಲಿ ಬಸ್ಸಿನಲ್ಲಿ ಅರ್ಧ ತಾಸು. ಹಿತ್ತಿಲಲ್ಲಿ ಒಂದು ದೊಡ್ಡ ಮರ, ಅದರ ನೆರಳಿಗೆ ಮೇಜು. ಬೆನ್ವಾ ಮೊದಲೇ ಹೋಗಿದ್ದ. ನಾನು ಹಲಸಿನ ಹಪ್ಪಳ ಒಪ್ಪಿಸಿದೆ. ಮದಾಮ್ ಅದನ್ನು ಬಿಸಿಲಿಗೆ ಹಿಡಿದು ಆಚೀಚೆ ತಿರುಗಿಸಿ, ಇದನ್ನು ಗೋಡೆಗೆ ಹಾಕುವುದೇ ಎಂದು ಕೇಳಿದರು.

ಮೊದಲು ಸೊಪ್ಪಿನ ಮೇಲೆ ಹುರಿದ ಹಂದಿ ಮಾಂಸ, ಅರ್ಧ ಬೆಂದ ಮೊಟ್ಟೆ. ಆಮೇಲೆ ಕೆನೆಯಲ್ಲಿ ಬೇಯಿಸಿದ ಕೋಳಿ. ಕೋಳಿಯ ಜೊತೆ ಅನ್ನ ಬರಬಹುದೆಂದು ನನ್ನ ಕಣ್ಣು ಅಡುಗೆಮನೆಯ ಬಾಗಿಲಲ್ಲೇ ಇತ್ತು. ಬಂದದ್ದು ಬಟಾಟೆ. ನಿಶ್ಚಿಂತೆಯಿಂದ ಎರಡು ಸಲ ಬಡಿಸಿಕೊಂಡೆ. ಬೇಡವೆಂದರೆ ಮದಾಮ್ ಮುಖ ಸಣ್ಣದಾಗುತ್ತಿತ್ತು, ಬೇಕೆಂದರೆ ಇನ್ನೊಂದು ಸೌಟು. ಚೀಸ್ ಬಂತು. ವಿನುತಾ ತುಳುವಿನಲ್ಲಿ ಕೇಳಿದಳು, ಅದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಮಾವ, ಎರಡು ತಾಸಿನಿಂದ ತಿಂತಾ ಇದ್ದೀರಿ. ಊರಿಗೆ ಹೋಗಿ ಊಟ ಮಾಡಿಲ್ಲ ಅಂತ ಹೇಳುವುದಾ?”

“ಅನ್ನ ಇಲ್ಲದ್ದು ಊಟ ಅಲ್ಲ ಮಗಾ. ತಿಂಡಿ.”

“ಹುಡುಗ ಹೇಗೆ ಅಂತಲಾದ್ರೂ ಹೇಳ್ತೀರಾ?”

“ನೋಡುವ.”

“ಎಷ್ಟು ನೋಡುವುದು? ನಾಡಿದ್ದು ನಿಮ್ಮ ರೈಲು.” ಅವಳ ಮುಖದಲ್ಲಿ ನಗು ಇರಲಿಲ್ಲ. ನಾನು ಗ್ಲಾಸು ಎತ್ತಿ ನೀರು ಕುಡಿದೆ.

ಆಗ ಬೆನ್ವಾ ಒಳಗಿನಿಂದ ನಾಲ್ಕು ಮಣ್ಣಿನ ಬಟ್ಟಲು ತಂದಿಟ್ಟ. ಮೇಲೆ ಕಂದು ಬಣ್ಣದ ಕಾಯಿಸಿದ ಸಕ್ಕರೆ. ಅಡಿಯಲ್ಲೇನಿದೆ ಕಾಣುತ್ತಿರಲಿಲ್ಲ. ಇಲ್ಲಿಯವರೆಗೆ ನನಗೂ ವಿನುತಾಳಿಗೂ ಒಮ್ಮತವಿದೆ. ನಾನು ಚಮಚ ಹಾಕಿದೆ, ಬಾಯಿಗಿಟ್ಟೆ, ತಣ್ಣಗೆ ಹಾಲು, ವೆನಿಲಾ, ನಾಲಗೆಗೆ ಅನ್ನದ ಅಗುಳು ಸಿಕ್ಕಿತು ಎಂದು ನನ್ನ ನೆನಪು. ವಿನುತಾ ಹೇಳುವುದು ಬೇರೆ: ನಾನು ಚಮಚವನ್ನು ಬಟ್ಟಲ ಮೇಲೆ ಹಿಡಿದು “ಇದು ಎಂತದು?” ಎಂದು ಕೇಳಿದೆನಂತೆ. ಅವಳು “ಅಕ್ಕಿ ಪಾಯಸ” ಎಂದಳಂತೆ. ನಾನು ಬೆನ್ವಾನ ಮುಖ ನೋಡಿದೆನಂತೆ. ಆಮೇಲೆ ತಿಂದೆನಂತೆ.

ಬಟ್ಟಲು ಖಾಲಿ ಮಾಡಿದ್ದು ಹೌದು. ಮೊದಲ ಅಗುಳಿನಲ್ಲೇ ನಿಲ್ಲಿಸಬಹುದಿತ್ತಲ್ಲ ಎಂದು ವಿನುತಾ ಕೇಳುತ್ತಾಳೆ.

ವಿನುತಾಳ ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿದೆ.

“ಒಂದು ಎಡವಟ್ಟಾಯ್ತು ಅಕ್ಕ. ಅನ್ನ ಹೊಟ್ಟೆಗೆ ಹೋಯ್ತು.”

“ಎಂತ ಅನ್ನ? ಕುಚ್ಚಲಕ್ಕಿಯಾ ಬೆಳ್ತಿಗೆಯಾ?”

“ಬಿಳಿಯದ್ದು, ಬೆಳ್ತಿಗೆ. ಪಾಯಸ ಮಾಡಿದ್ರು.”

ಆ ಕಡೆ ಹಂಚಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು.

“ಪಾಯಸ ಲೆಕ್ಕಕ್ಕೆ ಬರ್ತದಾ ಅಕ್ಕ? ಅದು ಸಿಹಿ ಅಲ್ವಾ?” ಎಂದೆ. ಯಾರ ಪರವಾಗಿ ವಾದಿಸುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ.

“ಬರಿಯ ಅನ್ನ ಉಂಡಿದ್ರೆ ಹಸಿವೆಗೆ ಉಂಡೆ ಅಂತ ಹೇಳಬಹುದಿತ್ತು ಮಾರಾಯ. ಪಾಯಸ ಉಂಡು ಬೇಡ ಅಂತ ಹೇಳ್ಲಿಕ್ಕೆ ಯಾವ ಮುಖ ಉಂಟು ನಿಂಗೆ?” ಸಿಟ್ಟಿನ ಸ್ವರವೇ. “ಒಂದು ಬಟ್ಟಲಾ? ಎರಡಾ?”

“ಒಂದು. ಪೂರ್ತಿ.”

“ರುಚಿ ಇತ್ತಾ?”

“ಬೆಲ್ಲದ್ದಲ್ಲ, ಸಕ್ಕರೆಯದ್ದು. ಆದ್ರೂ ಲಾಯ್ಕಿತ್ತು.”

“ಬೇಯಿಸಿದ್ದು ಯಾರು?”

“ಅವನ ತಾಯಿಯೇ ಇರಬೇಕು.”

“ಫೋನು ವಿನುತಾಳಿಗೆ ಕೊಡು,” ಎಂದಳು. ಕೊಟ್ಟೆ. ವಿನುತಾ ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಹಾಕಿ ನಿಂತಳು. “ಹೂಂ ಅಮ್ಮ... ಹೂಂ... ಇಲ್ಲಮ್ಮ, ಅಳ್ತಾ ಇಲ್ಲ” ಎಂಬುದಷ್ಟೇ ನನಗೆ ಕೇಳಿಸಿದ್ದು.

ಎರಡು ದಿನದ ಮೇಲೆ ರೈಲು ಹತ್ತಿದೆ. ಬೆನ್ವಾ ಪೆಟ್ಟಿಗೆ ಮೇಲಿಟ್ಟು ಕೈಕುಲುಕಿ ಇಳಿದ. ಇಬ್ಬರೂ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೈಬೀಸುವುದು ಕಂಡಿತು. ರೈಲು ತಿರುಗಿದಾಗ ಗುಡ್ಡದ ಮೇಲಿನ ಉದ್ದ ಕಿಟಕಿಗಳೂ ಒಂದು ಕ್ಷಣ ಕಂಡವು ಎಂದು ನೆನಪು. ಆ ರೈಲಿನಿಂದ ಆ ಗುಡ್ಡ ಕಾಣುತ್ತದೋ ಇಲ್ಲವೋ, ಪಣ ಕಟ್ಟಲಾರೆ.

ಒಂದು ಸಂಗತಿಯನ್ನು ಮಾತ್ರ ಆಮೇಲೆ ವಿಚಾರಿಸಿ ಖಚಿತ ಮಾಡಿಕೊಂಡಿದ್ದೇನೆ. ಮದುವೆಗೆಂದು ಮದಾಮ್ ಇವೆತ್ ಮೂಡುಬಿದಿರೆಗೆ ಬಂದಾಗ ಅವರನ್ನು ಕೇಳಿದೆ. ಬೆನ್ವಾನನ್ನು, ತಾಯಿ ಹತ್ತಿರ ಇಲ್ಲದ ಹೊತ್ತಿನಲ್ಲಿ, ಬೇರೆಯಾಗಿ ಕೇಳಿದೆ. ಇಬ್ಬರ ಹೇಳಿಕೆಯೂ ಒಂದೇ. ಆ ಭಾನುವಾರ ಸಿಹಿಗೆಂದು ಮದಾಮ್ ಏಪ್ರಿಕಾಟ್ ಹಣ್ಣು ತಂದಿಟ್ಟಿದ್ದರು. ನಮ್ಮ ಮನೆಯ ಅನ್ನದ ಕ್ರಮವನ್ನು ವಿನುತಾಳ ಬಾಯಿಂದ ಕೇಳಿ ತಿಳಿದಿದ್ದ ಬೆನ್ವಾ ಬೆಳಿಗ್ಗೆ ಬೇಗ ಬಂದು, ತಾಯಿಯನ್ನು ಅಡುಗೆಮನೆಯಿಂದ ಹೊರಗೆ ಕೂರಿಸಿ, ಒಲೆಯ ಎದುರು ನಿಂತು ಆ ಅಕ್ಕಿಯನ್ನು ತಾನೇ ಬೇಯಿಸಿದ್ದ.