ಅವ್ವ ನೆಟ್ಟಗೆ ಮಾಡಿದ ಪ್ರೊಸೆಸರ್

ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಪಕ್ಷಗಳಿವೆ. ಟಿವಿಯ ಕೆಳಗೆ ಕೂತಿರುವ ನುಣುಪಾದ ಬಿಳಿ ಡಬ್ಬಿ ನನ್ನ ಗಂಡನದು, ಅದು ಕನ್ಸೋಲ್. ಎದುರು ಮೂಲೆಯ ಮೇಜಿನ ಮೇಲಿರುವ, ಒಂದು ಬದಿಯ ಮುಚ್ಚಳ ಸದಾ ಕಳಚಿಯೇ ಇರುವ ಕಪ್ಪು ಪೆಟ್ಟಿಗೆ ನನ್ನದು, ಅದು ನಾನೇ ಜೋಡಿಸಿದ ಕಂಪ್ಯೂಟರ್. ಆಟವಾಡಲು ಇವೆರಡರಲ್ಲಿ ಯಾವುದು ಮೇಲು ಎಂಬ ಜಗಳ ಮದುವೆಯಾಗಿ ಐದು ವರ್ಷವಾದರೂ ಮುಗಿದಿಲ್ಲ. ಮುಗಿಯಲಿ ಎಂಬ ಆಸೆಯೂ ನನಗಿಲ್ಲ, ಏಕೆಂದರೆ ಗೆಲ್ಲುತ್ತಿರುವವಳು ನಾನು.

ಗಂಡನದು ಮೆಣಸಿನಕಾಯಿ ದಲಾಲಿ ಮನೆತನ. ದಿನವಿಡೀ ಮಾರ್ಕೆಟ್ಟಿನ ಚೀಲಗಳ ನಡುವೆ ಓಡಾಡಿ ಬಂದು, ಕೈಕಾಲು ತೊಳೆದು, ಚಹಾ ಕುಡಿದು ದಿವಾನದ ಮೇಲೆ ಕಾಲು ಚಾಚಿದರೆಂದರೆ ಅವರ ಕೈಗೆ ಕಂಟ್ರೋಲರ್ ಬರಲೇಬೇಕು.

"ಗುಂಡಿ ಒತ್ತಿದ್ರ ಆಟ ಚಾಲೂ ಆಗಬೇಕು. ನಾ ಆಡಾಕ ಕುಂದರ್ತೇನಿ, ರಿಪೇರಿ ಮಾಡಾಕಲ್ಲ," ಎನ್ನುವುದು ಅವರ ಖಾಯಂ ಮಾತು.

ಅದರಲ್ಲಿ ಸುಳ್ಳೇನೂ ಇಲ್ಲ. ಅವರ ಡಬ್ಬಿಗೆ ಯಾವ ಆಟ ತಂದು ಹಾಕಿದರೂ ಅದು ಓಡುತ್ತದೆ. ಈ ಕಾರ್ಡು ಸಾಕೇ, ಆ ಮೆಮೊರಿ ಸಾಲದೇ ಎಂದು ತಲೆ ಕೆಡಿಸಿಕೊಳ್ಳುವಂತಿಲ್ಲ. ಹಬ್ಬಕ್ಕೆ ನೆಂಟರು ಬಂದರೆ ನಾಲ್ಕು ಜನ ದಿವಾನದ ಮೇಲೆ ಒತ್ತೊತ್ತಾಗಿ ಕೂತು ಫುಟ್‌ಬಾಲ್ ಆಡುತ್ತಾ ಮನೆ ಹಾರುವಂತೆ ಕಿರುಚುತ್ತಾರೆ. ನನ್ನ ಮೇಜಿನ ಮುಂದೆ ಇರುವುದು ಒಂದೇ ಕುರ್ಚಿ. ಹಾವೇರಿಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಯಾವುದು ಕೊಳ್ಳಬೇಕು ಮೇಡಂ ಎಂದು ಕೇಳುವ ಮಕ್ಕಳಿಗೆ ಇದನ್ನೆಲ್ಲ ಪ್ರಾಮಾಣಿಕವಾಗಿ ಹೇಳುತ್ತೇನೆ. ಹೇಳಿ, ಆಮೇಲೆ ಕಂಪ್ಯೂಟರೇ ಕೊಳ್ಳಿರಿ ಎನ್ನುತ್ತೇನೆ.

ಏಕೆಂದರೆ ಅವರದು ಕೊಂಡು ತಂದದ್ದು, ನನ್ನದು ಕಟ್ಟಿದ್ದು. ಕೆಲಸ ಸಿಕ್ಕ ಹೊಸತರಲ್ಲಿ ಪೆಟ್ಟಿಗೆ, ಮದರ್‌ಬೋರ್ಡ್ ಮತ್ತು ಕೈಗೆಟುಕುವ ಒಂದು ಸಾದಾ ಪ್ರೊಸೆಸರ್ ತಂದು ಶುರು ಮಾಡಿದ್ದೆ. ಮರುವರ್ಷ ಗ್ರಾಫಿಕ್ಸ್ ಕಾರ್ಡ್ ಬಂತು, ಅದರ ಮರುವರ್ಷ ಮೆಮೊರಿ. ಒಂದೊಂದು ಭಾಗ ಕೂರಿಸಿದಾಗಲೂ ಅದೇ ಹಳೆಯ ಆಟ ಹೊಸದಾಗಿ ಕಾಣುತ್ತಿತ್ತು. ನೀರಿನಲ್ಲಿ ನೆರಳು ಮೂಡಿತು, ಗಿಡದ ಎಲೆಗಳು ಬೇರೆ ಬೇರೆಯಾದವು. ಪ್ರತಿ ಸಲವೂ ಮನೆಯವರನ್ನೆಲ್ಲ ಕರೆದು ತೋರಿಸುತ್ತಿದ್ದೆ. ಅತ್ತೆ ಪಾಪ ಅಡುಗೆ ಬಿಟ್ಟು ಬಂದು, "ಚಲೋ ಕಾಣತೈತಿ ಬಿಡವಾ," ಎಂದು ಹೋಗುತ್ತಿದ್ದರು.

ಇನ್ನು ನಮ್ಮೂರಿನ ಮೆಣಸಿನ ಧೂಳು. ಸುಗ್ಗಿಯ ತಿಂಗಳುಗಳಲ್ಲಿ ಅದು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ, ಫ್ಯಾನಿರುವ ಯಾವ ಯಂತ್ರವನ್ನೂ ಬಿಡುವುದಿಲ್ಲ. ಹೋದ ಸುಗ್ಗಿಯಲ್ಲಿ ಗಂಡನ ಕನ್ಸೋಲಿನ ಫ್ಯಾನು ಧೂಳು ಕಟ್ಟಿ, ಡಬ್ಬಿ ಕಾದು ಕಾದು ಆಟದ ನಡುವೆಯೇ ಆರಿಹೋಗತೊಡಗಿತು. ಬಿಚ್ಚಿ ನೋಡಲು ಅವರಿಗೆ ಧೈರ್ಯವಿಲ್ಲ. ಹುಬ್ಬಳ್ಳಿಗೆ ರಿಪೇರಿಗೆ ಹೋದದ್ದು ಮೂರು ವಾರ ಬರಲಿಲ್ಲ. ಆ ಮೂರು ವಾರ ಅವರು ನನ್ನ ಕುರ್ಚಿಯಲ್ಲಿ ಕೂತು, ನನ್ನ ಕಂಪ್ಯೂಟರಿಗೆ ತಮ್ಮ ಕಂಟ್ರೋಲರ್ ಸಿಕ್ಕಿಸಿಕೊಂಡು ಆಡಿದರು. ನಾನು ತಿಂಗಳಿಗೊಮ್ಮೆ ನನ್ನದನ್ನು ಅಂಗಳಕ್ಕೊಯ್ದು ಬ್ಲೋವರ್‌ನಿಂದ ಊದಿಕೊಂಡು ಬರುತ್ತೇನೆ, ಅಷ್ಟೇ. ಈ ಮಾತನ್ನು ವಾರಕ್ಕೊಮ್ಮೆಯಾದರೂ ಅವರಿಗೆ ನೆನಪಿಸದಿದ್ದರೆ ನನಗೆ ಊಟ ಸೇರುವುದಿಲ್ಲ.

ಈ ವರ್ಷ ಪ್ರೊಸೆಸರ್ ಬದಲಿಸುವ ಸರದಿ. ನಾನು ಆಡುವುದು ಊರು ಕಟ್ಟುವ ಆಟ. ರಸ್ತೆ ಹಾಕಿ, ನೀರು ತಂದು, ಜನ ತುಂಬಿ ಊರು ದೊಡ್ಡದಾಗುತ್ತಿದ್ದಂತೆ ನನ್ನ ಹಳೆಯ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ನನ್ನ ಮದರ್‌ಬೋರ್ಡಿಗೆ ಹೊಂದುವಂಥವುಗಳಲ್ಲಿ ಎಲ್ಲಕ್ಕಿಂತ ಜೋರಿನದು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಒಂದೇ ಉಳಿದಿತ್ತು. ಅದರ ಮುಂದಿನ ಪೀಳಿಗೆಯವು ಈ ಬೋರ್ಡಿನಲ್ಲಿ ಕೂರುವುದೇ ಇಲ್ಲ. ಆ ಒಂದನ್ನೇ ಕೊಂಡು ತಂದೆ. ಭಾನುವಾರ ಊಟವಾದ ಮೇಲೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಸ್ಕ್ರೂಡ್ರೈವರ್ ತೆಗೆದೆ.

"ಏನ್ ಮೇಡಮ್ಮರ, ಆಪರೇಶನ್ ಏನು? ಡಾಕ್ಟರ್‌ನ ಯಾರನ್ನರ ಕರಸಬೇಕೇನು?" ಎಂದರು ಗಂಡ, ದಿವಾನದ ಮೇಲಿಂದಲೇ.

ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. "ಸಂಜಿ ಒಳಗ ಇದು ಚಾಲೂ ಆಗ್ಲಿಲ್ಲಂದ್ರ ಈ ಮೇಜ ಖಾಲಿ ಮಾಡ್ತೇನ್ರಿ. ಇನ್ನ ಮ್ಯಾಲೆ ಸ್ಕ್ರೂಡ್ರೈವರ್ ಮುಟ್ಟೂದಿಲ್ಲ, ನಿಮ್ಮ ದಿವಾನದ ಮ್ಯಾಲೆ ಕುಂತು ನೀವು ಆಡಿದ್ದ ಆಡ್ತೇನಿ," ಎಂದುಬಿಟ್ಟೆ. ಆ ಮೂಲೆಯಲ್ಲಿ ಹೊಲಿಗೆ ಮಷೀನು ಇಡಬೇಕೆಂದು ಅತ್ತೆಗೆ ಮೊದಲಿನಿಂದ ಆಸೆ. ಅವರು ಕಾಯಿಪಲ್ಯೆ ಸೋಸುವುದನ್ನು ನಿಲ್ಲಿಸಿ ತಲೆ ಎತ್ತಿದರು. ಆಡಿದ ಮಾತಿಗೆ ಇಬ್ಬರು ಸಾಕ್ಷಿಗಳಾದರು.

ಮೂರನೆಯ ಸಾಕ್ಷಿ ನನ್ನ ಅವ್ವ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಅವಳನ್ನು ಹಿಂದಿನ ದಿನ ಹಾವೇರಿಯಲ್ಲಿ ಡಾಕ್ಟರಿಗೆ ತೋರಿಸಿ ಬ್ಯಾಡಗಿಗೆ ಕರೆತಂದಿದ್ದೆ. ಬೀಗರ ಮನೆಗೆ ಬಂದರೆ ಅವಳು ಗೋಡೆಗೆ ಒರಗಿ, ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾಳೆ. ಅದಕ್ಕೆ ಕಾರಣವಿದೆ. ರಾಣೆಬೆನ್ನೂರು ಕಡೆಯ ಮೇಡ್ಲೇರಿ ನನ್ನ ತವರು. ಅಲ್ಲಿ ಅವ್ವ ಬೇರೆಯವರ ಹೊಲಗಳಲ್ಲಿ ಕೂಲಿಗೆ ಹೋಗಿ ನನ್ನನ್ನು ಓದಿಸಿದಳು. ಹೆಣ್ಣು ನೋಡಲು ಬಂದ ದಿನ ನನ್ನ ಸೋದರಮಾವ, "ಸ್ವಂತ ಹೊಲ ಐತ್ರಿ, ಬೀಜದ ಬೆಳಿ ನೋಡ್ಕೊಂತಾರ," ಎಂದು ಹೇಳಿಬಿಟ್ಟ. ನಾನೂ ಸುಮ್ಮನಿದ್ದೆ, ಅವ್ವನೂ ಸುಮ್ಮನಿದ್ದಳು. ಐದು ವರ್ಷದಿಂದ ಇಬ್ಬರೂ ಸುಮ್ಮನೇ ಇದ್ದೆವು.

ಹಳೆಯ ಪ್ರೊಸೆಸರ್ ಸಲೀಸಾಗಿ ಹೊರಬಂತು. ಹೊಸದನ್ನು ಅದರ ಗುಳಿಯಲ್ಲಿ ಕೂರಿಸಿ, ಮೇಲೆ ಶಾಖ ಎಳೆದುಕೊಳ್ಳುವ ಅಂಟು ಪೇಸ್ಟ್ ಹಚ್ಚಿ, ಅದರ ಮೇಲೆ ಫ್ಯಾನು ಬಿಗಿದೆ. ನೋಡಿದರೆ ಫ್ಯಾನಿನ ವೈರು ತಿರುಗುಮುರುಗಾಗಿ ಕೂತಿದೆ, ಸಿಕ್ಕಿಸುವ ಜಾಗಕ್ಕೆ ಮುಟ್ಟುತ್ತಿಲ್ಲ. ಅದನ್ನು ಮತ್ತೆ ತೆಗೆಯಬೇಕು. ಹೀಗೆ ತೆಗೆಯುವಾಗ ಅತ್ತಿತ್ತ ತಿರುಗಿಸಿ ಅಂಟು ಬಿಡಿಸಿಕೊಳ್ಳಬೇಕು, ನೇರ ಮೇಲಕ್ಕೆ ಜಗ್ಗಬಾರದು. ಇದು ನನಗೆ ಚೆನ್ನಾಗಿ ಗೊತ್ತು, ಹಲವರಿಗೆ ಹೇಳಿಕೊಟ್ಟಿದ್ದೇನೆ ಕೂಡ. ಆದರೆ ಗಂಡ ಗಡಿಯಾರ ನೋಡಿ ಮುಸಿಮುಸಿ ನಗುತ್ತಿದ್ದರು, ನನಗೆ ರೇಗಿ ಹೋಗಿತ್ತು. ಅದರ ಮೇಲೆ ಇನ್ನೊಂದು ತಪ್ಪು, ಆತುರದಲ್ಲಿ ಆ ದಿನ ಪೆಟ್ಟಿಗೆಯನ್ನು ಅಂಗಳಕ್ಕೊಯ್ದು ಊದಿರಲಿಲ್ಲ. ಫ್ಯಾನು ಹಿಡಿದು ಬಗ್ಗಿದೆ, ಅದರ ರೆಕ್ಕೆಗಳೊಳಗಿನ ಮೆಣಸಿನ ಧೂಳು ಮೂಗಿಗೆ ಹೊಡೆಯಿತು. ಸೀನು ಬಂದದ್ದೇ ತಡ, ಕೈ ನೇರ ಮೇಲಕ್ಕೆ ಜಗ್ಗಿತು. ಪ್ರೊಸೆಸರ್ ಗುಳಿಯಿಂದ ಕಿತ್ತು ಫ್ಯಾನಿಗೆ ಅಂಟಿಕೊಂಡೇ ಬಂದು, ಅಲ್ಲಿಂದ ಜಾರಿ ಕಲ್ಲಿನ ನೆಲಕ್ಕೆ ಬಿತ್ತು.

ಆ ತರಹದ ಪ್ರೊಸೆಸರಿನ ಹೊಟ್ಟೆಯ ಕೆಳಗೆ ಸಾವಿರಕ್ಕೂ ಹೆಚ್ಚು ಚಿನ್ನದ ಬಣ್ಣದ ಕಡ್ಡಿಗಳಿರುತ್ತವೆ, ಒಂದೊಂದೂ ಕೂದಲಿನಂತೆ ಸಣ್ಣ. ಒಂದು ಬಾಗಿದರೂ ಗುಳಿಯಲ್ಲಿ ಕೂರದು, ಒಂದು ಮುರಿದರೆ ಪ್ರೊಸೆಸರನ್ನು ಎಸೆಯುವುದೇ ಸರಿ. ತಿರುಗಿಸಿ ನೋಡಿದೆ. ಒಂದು ಮೂಲೆಯಲ್ಲಿ ಹನ್ನೆರಡು ಹದಿಮೂರು ಕಡ್ಡಿಗಳು ಮಲಗಿದ್ದವು. ಸಣ್ಣ ಚಿಮಟ ಹಿಡಿದು ಒಂದು ಕಡ್ಡಿಯ ಹತ್ತಿರ ಒಯ್ದೆ, ಮುರಿದೀತೆಂದು ಹಿಂದಕ್ಕೆ ತೆಗೆದೆ. ಗಂಡನ ನಗು ಕೂಡ ನಿಂತಿತ್ತು. ಅವರು ಎದ್ದು ಬಂದು ನೋಡಿ, "ಬಿಡು, ಮುಟ್ಟಬ್ಯಾಡ. ನಾ ಚಾಷ್ಟಿ ಮಾಡಾಕ ಹೋಗಿ ಹಿಂಗಾತು," ಎಂದರು. ಅವರು ಕನಿಕರಪಟ್ಟದ್ದೇ ನನಗೆ ಹೆಚ್ಚು ಉರಿಯಿತು.

ಅವ್ವ ಯಾವಾಗಲೋ ಎದ್ದು ಬಂದು ನನ್ನ ಪಕ್ಕ ಕೂತಿದ್ದಳು.

"ಮುರದಾವೋ, ಬಾಗ್ಯಾವೋ?"

"ಬಾಗ್ಯಾವವ್ವ. ಆದ್ರ ಮುಟ್ಟಿದ್ರ ಮುರೀತಾವ."

"ಯಾರು ಮುಟ್ಟಿದ್ರ?" ಎಂದಳು ಅವ್ವ.

ನಾನು ಅವಳ ಮುಖ ನೋಡಿದೆ. ಅವ್ವನ ಕೂಲಿ ಕಳೆ ಕೀಳುವ ಕೂಲಿಯಲ್ಲ, ಹೈಬ್ರಿಡ್ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಮಾಡುವ ಕೆಲಸ. ಮೆಣಸಿನ ಮೊಗ್ಗು ಅರಳುವ ಮುನ್ನಾದಿನ ಅದನ್ನು ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಎಳೆಗಳನ್ನಷ್ಟೇ ಕಿತ್ತು, ನಡುವಿನ ಹೆಣ್ಣು ಕಡ್ಡಿಗೆ ಚೂರೂ ಏಟಾಗದಂತೆ ಬಿಡಬೇಕು. ಮರುದಿನ ಬೇರೆ ತಳಿಯ ಹೂವಿನ ಪುಡಿಯನ್ನು ಆ ಕಡ್ಡಿಯ ತುದಿಗೆ ಮುಟ್ಟಿಸಬೇಕು. ಮೊಗ್ಗು ಇರುವುದೇ ಗೋಧಿ ಕಾಳಿನಷ್ಟು. ಅಂಥವನ್ನು ದಿನವಿಡೀ ಬಗ್ಗಿ ನಿಂತು ಮಾಡುತ್ತಿದ್ದ ಕೈಗಳು ನನ್ನ ಪಕ್ಕದಲ್ಲಿ ಸೆರಗಿನೊಳಗೆ ಮುಚ್ಚಿಕೊಂಡಿದ್ದವು.

ಅವ್ವ ದನಿ ತಗ್ಗಿಸಿ ಕೇಳಿದಳು: "ನಾ ಹಿಡೀಲೇನು? ಇವರ ಮುಂದ... ನಿನಗೇನೂ ಅನಸೂದಿಲ್ಲಲ್ಲ?"

ಆ ಮಾತಿಗೆ ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಚಿಮಟ ಹಿಡಿದರೆ ಎಲ್ಲಿ ಕಲಿತಿರಿ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದು ಇಬ್ಬರಿಗೂ ಗೊತ್ತಿತ್ತು. ಮೇಜಿನ ಮೇಲೆ ಬಾಯಿ ತೆರೆದು ಬಿದ್ದಿದ್ದ ನನ್ನ ಪೆಟ್ಟಿಗೆಯನ್ನು ನೋಡಿದೆ. ಕೈಯಾರೆ ಕಟ್ಟಿದ್ದು ಎಂದು ಇಡೀ ಮನೆಯಲ್ಲಿ ಮೆರೆಯುವವಳು, ನನ್ನನ್ನೇ ಕಟ್ಟಿದ ಕೈಗಳನ್ನು ಐದು ವರ್ಷದಿಂದ ಮುಚ್ಚಿಟ್ಟಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಚಿಮಟವನ್ನು ಅವಳ ಕೈಗೆ ಕೊಟ್ಟೆ.

ಅವಳು ಅದರ ತುದಿಯನ್ನು ಹೆಬ್ಬೆರಳಿಗೆ ಒತ್ತಿ ನೋಡಿ, "ನಮ್ಮ ಚಿಮಟಕ್ಕಿಂತ ಇದ ಚಲೋ ಐತಿ," ಎಂದಳು. ಎದ್ದು ಹೋಗಿ ಬೆಳಕಿಗೆ ಬಾಗಿಲ ಹೊಸ್ತಿಲ ಬಳಿ ಕೂತಳು. "ಅಳಿಯಾರ, ಫ್ಯಾನ್ ಒಂದೀಟ ಬಂದ್ ಮಾಡ್ರಿ," ಎಂದಳು. ಆ ಮನೆಯಲ್ಲಿ ಅವಳು ಯಾರಿಗಾದರೂ ಏನನ್ನಾದರೂ ಮಾಡಲು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ. ಗಂಡ ಓಡಿ ಹೋಗಿ ಬಂದ್ ಮಾಡಿದರು.

ಮೊಣಕೈಯನ್ನು ಮೊಣಕಾಲಿಗೆ ಊರಿ, ಉಸಿರು ಹಿಡಿದು ಅವ್ವ ಒಂದು ಕಡ್ಡಿಯನ್ನು ತುಸುವೇ ಎತ್ತಿದಳು. ಪೂರ್ತಿ ಎತ್ತಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟು ಪಕ್ಕದ್ದಕ್ಕೆ ಹೋದಳು. ಎಲ್ಲವನ್ನೂ ಒಂದು ಸುತ್ತು ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂದಳು. "ಒಮ್ಮೆಲೇ ನಿಂದರಸಾಕ ಹೋಗಬಾರದು. ಅದಕ್ಕೂ ಸ್ವಲ್ಪ ದಮ್ಮ ಕೊಡಬೇಕು," ಎಂದಳು, ತಲೆ ಎತ್ತದೆ. ಆಗಾಗ ಪ್ರೊಸೆಸರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಸಾಲುಗಳು ನೇರವಿವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಫ್ಯಾನಿಲ್ಲದೆ ಎಲ್ಲರೂ ಬೆವರುತ್ತಿದ್ದೆವು. ಪೂರ್ತಿ ಮಲಗಿಬಿಟ್ಟಿದ್ದ ಮೂಲೆಯ ಕಡ್ಡಿಯೊಂದಕ್ಕೇ ಉಳಿದವೆಲ್ಲದರಷ್ಟು ಹೊತ್ತು ಹಿಡಿಯಿತು.

"ಈಗ ಹಾಕಿ ನೋಡು," ಎಂದು ಕೈಗಿತ್ತಳು.

ಗುಳಿಯ ಮೇಲೆ ಇಟ್ಟೆ. ಒತ್ತಬೇಕಾಗಲೇ ಇಲ್ಲ, ತಾನಾಗಿಯೇ ಇಳಿದು ಕೂತಿತು. ಹೊಸ ಪೇಸ್ಟ್ ಹಚ್ಚಿ, ವೈರನ್ನು ಈ ಸಲ ಎರಡೆರಡು ಬಾರಿ ನೋಡಿ ಫ್ಯಾನು ಬಿಗಿದು ಗುಂಡಿ ಒತ್ತಿದೆ. ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ಹೊಸ ಪ್ರೊಸೆಸರ್ ಸಿಕ್ಕಿದೆ ಎಂಬ ಸಾಲು ಮೂಡಿತು. ಸಂಜೆಯ ಚಹಾಕ್ಕೆ ಇನ್ನೂ ಸಮಯವಿತ್ತು. ಗಂಡ ಎರಡೂ ಕೈ ಎತ್ತಿ, "ಸೋತ್ನಿ ಬಿಡ್ರೆಪಾ. ಅತ್ತಿಯಾರಿಗೆ ಸೋತ್ನಿ, ನಿನಗಲ್ಲ," ಎಂದರು. ಅತ್ತೆಗೆ ಹೊಲಿಗೆ ಮಷೀನಿನ ಮೂಲೆ ಮರೆತೇಹೋಗಿತ್ತು. ಅವರು ಅವ್ವನ ಬೆರಳುಗಳನ್ನೇ ನೋಡುತ್ತಿದ್ದರು.

"ಬೀಗತಿಯಾರ, ಇಂಥಾ ಕೈ ಎಲ್ಲಿ ಕಲ್ತ್ರಿ?"

ಅವ್ವ ನನ್ನ ಕಡೆ ನೋಡಿದಳು. ಅವಳ ಕೈಗಳು ಮತ್ತೆ ಸೆರಗಿನತ್ತ ಹೊರಟಿದ್ದವು.

"ಮಂದಿ ಹೊಲದಾಗ ಕೂಲಿಗಿ ಹೋಗಿ ಕಲ್ತಾಳ್ರಿ," ಎಂದೆ ನಾನು. "ಬೀಜದ ಹೊಲದಾಗ ಕ್ರಾಸಿಂಗ್ ಮಾಡ್ತಿದ್ಲು. ನಮಗ ಸ್ವಂತ ಹೊಲ ಇದ್ದಿಲ್ರಿ. ಲಗ್ನದಾಗ ಹೇಳಿದ್ದು ಸುಳ್ಳು, ನಾ ಸುಮ್ನಿದ್ದೆ. ನನ್ನ ಓದಿಸಿದ್ದು ಈ ಕೈನ ರೀ."

ಅತ್ತೆ ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ನನ್ನನ್ನು ಬಿಟ್ಟು ಅವ್ವನ ಕಡೆಗೆ ತಿರುಗಿ ಕೂತರು.

"ಎಷ್ಟ ವರ್ಷ ಮಾಡಿದ್ರಿ?"

ಅವ್ವ ಕೈಗಳನ್ನು ಸೆರಗಿಗೆ ಒಯ್ಯಲಿಲ್ಲ. ಎರಡನ್ನೂ ಮಡಿಲಲ್ಲಿ, ಎಲ್ಲರಿಗೂ ಕಾಣುವಂತೆ ಬಿಚ್ಚಿಟ್ಟುಕೊಂಡಳು.

"ಇಪ್ಪತ್ತ ವರ್ಷದ ಮ್ಯಾಲಾತ್ರಿ," ಎಂದಳು. "ಮೇಡ್ಲೇರ್ಯಾಗ ಯಾರನ್ನರ ಕೇಳ್ರಿ ಬೇಕಾದ್ರ. ನಾ ಮುಟ್ಟಿದ ಹೂವು ಉದುರತಿದ್ದಿಲ್ಲ."